ಮೂರ್ಛೆ ತಿಳಿದ ಮೇಲಿನ ಸುಸ್ತು

ನನ್ನ ಬಾಲ್ಯದ ಬೇಸಿಗೆ ರಜೆಗಳೆಲ್ಲ ಕಳೆದದ್ದು ನಾನಿಯ ಮನೆಯಲ್ಲಿ. ಆ ಮನೆಯಲ್ಲಿ ನನ್ನ ತಾಯಿಯ ಕೊನೆಯ ತಂಗಿ, ನಮ್ಮ ಛೋಟಿ ಖಾಲಾ ಇದ್ದರು. ಅವರಿಗೆ ‘ಮಿರ್ಗಿ’ ಇತ್ತು. ಉರ್ದು ಮಾತನಾಡುವ ಮನೆಗಳಲ್ಲಿ ಮೂರ್ಛೆ ರೋಗಕ್ಕಿರುವ ಹೆಸರು ಅದು. ತಿಂಗಳಿಗೆ ಒಂದೆರಡು ಸಲ ಖಾಲಾ ಕೂತಲ್ಲೇ ಬಿದ್ದುಬಿಡುತ್ತಿದ್ದರು. ಯಾರೋ ಓಡಿಬಂದು ಕೈಗೆ ಬೀಗದ ಕೈ ಗೊಂಚಲು ಹಿಡಿಸುತ್ತಿದ್ದರು. ಇನ್ಯಾರೋ ಮೂಗಿಗೆ ಚಪ್ಪಲಿ ಹಿಡಿಯುತ್ತಿದ್ದರು. ನಾನಿ ಮಾತ್ರ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ತಮ್ಮ ತಲೆಯ ಮೇಲಿನ ಓಢನಿ ತೆಗೆದು ಮಗಳ ಮೈಮೇಲೆ ಹೊದಿಸುತ್ತಿದ್ದರು.

ಎರಡು ಮೂರು ನಿಮಿಷಗಳಲ್ಲಿ ಎಲ್ಲ ಮುಗಿಯುತ್ತಿತ್ತು. ಸೇರಿದ ಜನ ಚದುರುತ್ತಿದ್ದರು. ನನಗೆ ಈಗಲೂ ಚೆನ್ನಾಗಿ ನೆನಪಿರುವುದು ಅದರ ನಂತರದ ಖಾಲಾ. ಮಧ್ಯಾಹ್ನದವರೆಗೂ ಅವರು ಕಲ್ಲಿನಂತೆ ನಿದ್ರಿಸುತ್ತಿದ್ದರು. ಮರುದಿನವೂ ಅಕ್ಕಿ ಆರಿಸಲೆಂದು ಮೊರ ಹಿಡಿದು ಕೂತವರು ಒಂದು ಕಲ್ಲನ್ನೂ ಹೆಕ್ಕದೆ ಕೂತೇ ಇರುತ್ತಿದ್ದರು. ‘ಬಹುತ್ ಸುಸ್ತ್ ಪೊಟ್ಟಿ ಹೈ’ ಎನ್ನುತ್ತಿದ್ದರು ಮೊಹಲ್ಲಾದ ಹೆಂಗಸರು. ಬಹಳ ಸೋಮಾರಿ ಹುಡುಗಿ ಎಂದು ಅದರ ಅರ್ಥ. ಮನೆಗೆ ಸೊಪ್ಪು ಮಾರಲು ಬರುತ್ತಿದ್ದ ಅಜ್ಜಿಯೊಬ್ಬಳು ಮಾತ್ರ ಕನ್ನಡದಲ್ಲಿ ಬೇರೆಯೇ ಮಾತು ಹೇಳುತ್ತಿದ್ದಳು: ‘ಸುಸ್ತಾಗದೆ ಕಣವ್ವ, ಮನಿಕ್ಕೊ.’

ಎರಡೂ ಭಾಷೆಗಳಲ್ಲಿ ಓದಿದ ನನಗೆ ಇದು ಹೊಳೆದದ್ದು ಬಹಳ ತಡವಾಗಿ. ಎರಡೂ ಒಂದೇ ಪದ. ಫಾರಸಿಯ ‘ಸುಸ್ತ್’ ಉರ್ದುವಿನಲ್ಲಿ ಹೆಚ್ಚಾಗಿ ಮಂದ, ಆಲಸಿ ಎಂಬ ಅರ್ಥದಲ್ಲಿ ನಿಂತಿತು. ಅದೇ ಪದ ಕನ್ನಡಕ್ಕೆ ಬಂದು ‘ಸುಸ್ತು’ ಆದಾಗ ದಣಿವು ಎಂಬ ಅರ್ಥ ಪಡೆಯಿತು. ಒಂದು ಆಪಾದನೆ, ಇನ್ನೊಂದು ಅನುಕಂಪ. ಹಾಗೆಂದು ಕನ್ನಡಿಗರು ಬೀಗಬೇಕಾಗಿಲ್ಲ. ಅದೇ ಪದದಿಂದ ನಮ್ಮ ಸಹಕಾರ ಬ್ಯಾಂಕುಗಳು ‘ಸುಸ್ತಿದಾರ’ ಎಂಬ ಪದವನ್ನೂ ಮಾಡಿಕೊಂಡಿವೆ. ಕಟ್ಟಬೇಕಾದ ಕಂತು ಕಟ್ಟದೆ ಉಳಿದವನು ಸುಸ್ತಿದಾರ. ಮೂರ್ಛೆ ರೋಗ ಇರುವವರ ಚರಿತ್ರೆಯನ್ನು ಓದುತ್ತ ಹೋದರೆ ಲೋಕ ಅವರನ್ನು ಕಂಡದ್ದು ಬಹುಪಾಲು ಹೀಗೆಯೇ ಎನಿಸುತ್ತದೆ. ಅವರು ದಣಿದವರಲ್ಲ, ಬಾಕಿ ಉಳಿಸಿಕೊಂಡವರು.

ಈ ರೋಗದ ಚರಿತ್ರೆ ಬರೆದವರೆಲ್ಲ ಆ ಎರಡು ಮೂರು ನಿಮಿಷಗಳ ಚರಿತ್ರೆಯನ್ನು ಬರೆದರು. ಬೀಳುವುದು, ನಡುಗುವುದು, ಬಾಯಲ್ಲಿ ನೊರೆ ಬರುವುದು ಎಲ್ಲವೂ ಗ್ರಂಥಗಳಲ್ಲಿವೆ. ಆದರೆ ರೋಗಿ ಬದುಕುವುದು ಆ ನಿಮಿಷಗಳಲ್ಲಲ್ಲ, ಉಳಿದ ಗಂಟೆಗಳಲ್ಲಿ. ಆ ಗಂಟೆಗಳ ಚರಿತ್ರೆ ತೀರಾ ಚಿಕ್ಕದು.

ಕ್ರಿಸ್ತಪೂರ್ವ 400ರ ಸುಮಾರಿಗೆ ರಚಿತವಾದ, ಹಿಪೊಕ್ರೇಟಿಸ್‌ನ ಹೆಸರಿನಲ್ಲಿರುವ ‘ಪವಿತ್ರ ರೋಗದ ಕುರಿತು’ ಎಂಬ ಗ್ರೀಕ್ ಗ್ರಂಥ ಈ ವಿಷಯದಲ್ಲಿ ಪ್ರಸಿದ್ಧ. ಈ ರೋಗ ಇತರ ರೋಗಗಳಿಗಿಂತ ಹೆಚ್ಚು ದೈವಿಕವೇನಲ್ಲ, ಇದರ ಮೂಲ ಮಿದುಳಿನಲ್ಲಿದೆ ಎಂದು ಅದು ವಾದಿಸಿತು. ಈ ಮಾತನ್ನು ಎಲ್ಲರೂ ನೆನೆಯುತ್ತಾರೆ. ಅದೇ ಗ್ರಂಥದ ಇನ್ನೊಂದು ಗಮನಿಕೆಯನ್ನು ನೆನೆಯುವವರು ಕಡಿಮೆ. ರೋಗ ಹಳೆಯದಾದವರಿಗೆ ಮೂರ್ಛೆ ಬರುವ ಸೂಚನೆ ಮೊದಲೇ ತಿಳಿಯುತ್ತದೆ. ಆಗ ಅವರು ಜನರಿಂದ ದೂರ ಓಡುತ್ತಾರೆ. ಮನೆ ಹತ್ತಿರವಿದ್ದರೆ ಮನೆಗೆ, ಇಲ್ಲವಾದರೆ ಯಾರೂ ಇಲ್ಲದ ಕಡೆಗೆ ಹೋಗಿ ಮುಖ ಮುಚ್ಚಿಕೊಳ್ಳುತ್ತಾರೆ. ಇದಕ್ಕೆ ಕಾರಣ ದೇವರ ಭಯವಲ್ಲ, ನಾಚಿಕೆ ಎನ್ನುತ್ತದೆ ಗ್ರಂಥ. ಆ ನಾಚಿಕೆ ಇನ್ನೂ ಕಲಿಯದ ಪುಟ್ಟ ಮಕ್ಕಳು ಮಾತ್ರ ತಾಯಿಯ ಕಡೆಗೆ ಓಡುತ್ತಾರಂತೆ.

ನಮ್ಮ ನೆಲದ ಚರಕ ಸಂಹಿತೆ ಇದನ್ನು ‘ಅಪಸ್ಮಾರ’ ಎಂದು ಕರೆಯಿತು. ಸ್ಮೃತಿ ದೂರವಾಗುವುದು ಎಂಬುದು ಆ ಹೆಸರಿನ ಭಾವ. ಅದರ ನಿದಾನಸ್ಥಾನದ ಎಂಟನೆಯ ಅಧ್ಯಾಯ ಇದಕ್ಕೇ ಮೀಸಲು. ವಾತ, ಪಿತ್ತ, ಕಫಗಳಿಂದ ಹುಟ್ಟುವ ಬಗೆಗಳನ್ನು ಅದು ಬೇರೆ ಬೇರೆಯಾಗಿ ವಿವರಿಸುತ್ತದೆ. ಆದರೆ ವೈದ್ಯರ ಅಪಸ್ಮಾರವೇ ಶಿಲ್ಪಿಗಳ ಕೈಯಲ್ಲಿ ನಟರಾಜನ ಪಾದದಡಿಯ ಕುಬ್ಜನಾಯಿತು. ಅಜ್ಞಾನದ ಸಂಕೇತವಾದ ಆ ಆಕೃತಿಗೆ ಈ ರೋಗದ ಹೆಸರೇ ಅಂಟಿಕೊಂಡಿರುವುದು ಯೋಚಿಸಬೇಕಾದ ಸಂಗತಿ. ರೋಗಕ್ಕೂ ಬುದ್ಧಿಹೀನತೆಗೂ ನಂಟು ಕಟ್ಟುವ ಅಭ್ಯಾಸ ನಿನ್ನೆ ಮೊನ್ನೆಯದಲ್ಲ.

ಇಸ್ಲಾಮಿನ ಆರಂಭ ಕಾಲದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿ ಅದು ದಾಖಲಾಗಿದೆ. ಮೂರ್ಛೆ ರೋಗವಿದ್ದ ಕಪ್ಪು ವರ್ಣದ ಮಹಿಳೆಯೊಬ್ಬರು ಪ್ರವಾದಿಯವರ (ಸ) ಬಳಿಗೆ ಬಂದು ತಮ್ಮ ಕಷ್ಟವನ್ನು ಹೇಳಿಕೊಂಡರು. ತನಗೆ ಮೂರ್ಛೆ ಬರುತ್ತದೆ, ಆಗ ಮೈಮೇಲಿನ ಬಟ್ಟೆ ಸರಿದುಹೋಗುತ್ತದೆ ಎಂದರು. ಸಹನೆಯಿಂದಿದ್ದರೆ ಸ್ವರ್ಗವಿದೆ, ಬೇಕೆಂದರೆ ಗುಣವಾಗಲೆಂದು ಪ್ರಾರ್ಥಿಸುತ್ತೇನೆ ಎಂದು ಪ್ರವಾದಿಯವರು ಆಯ್ಕೆಯನ್ನು ಆಕೆಗೇ ಬಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡರು. ಆದರೆ ಮೈ ಬಯಲಾಗದಿರುವಂತೆ ಪ್ರಾರ್ಥಿಸಲು ಕೇಳಿದರು. ಪ್ರವಾದಿಯವರು ಹಾಗೆಯೇ ಪ್ರಾರ್ಥಿಸಿದರು.

ನಮ್ಮ ಪ್ರವಚನಗಳಲ್ಲಿ ಈ ಪ್ರಸಂಗ ಬಂದಾಗ ಒತ್ತು ಬೀಳುವುದು ಸಹನೆಯ ಮೇಲೆ. ಸಹನೆಯ ಪಾಠ ಅದರಲ್ಲಿದೆ, ನಿಜ. ಆದರೆ ಒಬ್ಬ ರೋಗಿಯ ಬಾಯಿಂದ ಬಂದ ಬೇಡಿಕೆಯನ್ನೂ ನಾವು ಕೇಳಿಸಿಕೊಳ್ಳಬೇಕಲ್ಲವೇ? ಈ ರೋಗದಲ್ಲಿ ತನ್ನನ್ನು ನಿಜವಾಗಿ ನೋಯಿಸುವುದು ಯಾವುದು ಎಂದು ಆಕೆಗೆ ಸ್ಪಷ್ಟವಾಗಿ ಗೊತ್ತಿತ್ತು. ಮರ್ಯಾದೆಯಿಂದ ಬದುಕುವ ದಾರಿಯನ್ನು ಆಕೆ ಕೇಳಿದರು, ಆ ಮಾತಿಗೆ ಬೆಲೆ ಸಿಕ್ಕಿತು. ಇಂದಿನ ವೈದ್ಯರು ‘ಜೀವನದ ಗುಣಮಟ್ಟ’ ಎನ್ನುವುದು ಇದನ್ನೇ. ನಾನಿ ಮೊದಲು ಓಢನಿ ಹೊದಿಸುತ್ತಿದ್ದುದು ಈ ಹದೀಸನ್ನು ಓದಿದ್ದರಿಂದ ಅಲ್ಲ, ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಅವರು ಆ ಮಹಿಳೆಯ ಮಾತನ್ನು ಪಾಲಿಸುತ್ತಿದ್ದರು.

ಅರಬಿ ವೈದ್ಯರು ಈ ರೋಗವನ್ನು ‘ಸರ್‌ಅ’ ಎಂದು ಕರೆದರು. ಕೆಡವುವುದು ಎಂಬ ಅರ್ಥದ ಧಾತುವಿನಿಂದ ಬಂದ ಪದ ಅದು. 11ನೇ ಶತಮಾನದ ಇಬ್ನ್ ಸೀನಾ ತನ್ನ ‘ಅಲ್ ಕಾನೂನ್’ ಗ್ರಂಥದ ಮೂರನೆಯ ಸಂಪುಟದಲ್ಲಿ ತಲೆಯಿಂದ ಪಾದದವರೆಗಿನ ರೋಗಗಳನ್ನು ಕ್ರಮವಾಗಿ ವಿವರಿಸುತ್ತಾನೆ. ಅಲ್ಲಿ ಸರ್‌ಅ ಬರುವುದು ತಲೆಯ, ಎಂದರೆ ಮಿದುಳಿನ ರೋಗಗಳ ಸಾಲಿನಲ್ಲಿ. ಸಾವಿರ ವರ್ಷಗಳ ನಂತರವೂ ನಮ್ಮಲ್ಲಿ ಅನೇಕರು ರೋಗಿಯನ್ನು ಮೊದಲು ಕರೆದೊಯ್ಯುವುದು ಜಿನ್ನ್ ಬಿಡಿಸುವವರ ಬಳಿಗೆ. ಇಬ್ನ್ ಸೀನಾನ ಹೆಸರು ಹೇಳಿ ಹೆಮ್ಮೆಪಡುವ ನಾವು ಅವನ ಪುಸ್ತಕವನ್ನು ಮುಚ್ಚಿಟ್ಟಿದ್ದೇವೆ.

ಆಧುನಿಕ ಔಷಧಿಯ ಕತೆ ಆರಂಭವಾಗುವುದು 1857ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆ ವೈದ್ಯ ಚಾರ್ಲ್ಸ್ ಲೊಕಾಕ್ ಎದ್ದುನಿಂತು, ಕೆಲವು ಮಹಿಳೆಯರ ಮೂರ್ಛೆಗೆ ಪೊಟ್ಯಾಸಿಯಂ ಬ್ರೋಮೈಡ್ ಕೊಟ್ಟು ಗುಣ ಕಂಡದ್ದಾಗಿ ಹೇಳಿದ. ಈ ರೋಗಕ್ಕೆ ಕಾಮೋದ್ರೇಕ ಕಾರಣ, ಬ್ರೋಮೈಡ್ ಅದನ್ನು ತಗ್ಗಿಸುತ್ತದೆ ಎಂಬುದು ಅವನ ತರ್ಕ. ತರ್ಕ ತಪ್ಪು, ಔಷಧಿ ಮಾತ್ರ ಕೆಲಸ ಮಾಡಿತು. ಮೂರ್ಛೆಗಳು ಕಡಿಮೆಯಾದವು. ಜೊತೆಗೆ ರೋಗಿಗಳು ತೂಕಡಿಸತೊಡಗಿದರು, ಮಾತು ತೊದಲತೊಡಗಿತು, ನೆನಪು ಮಸುಕಾಯಿತು, ಮೈಮೇಲೆ ಗುಳ್ಳೆಗಳೆದ್ದವು. ಇಂಗ್ಲಿಷಿನಲ್ಲಿ ‘ಬ್ರೋಮೈಡ್’ ಎಂದರೆ ಸಪ್ಪೆ ಮಾತು, ಸಪ್ಪೆ ಮನುಷ್ಯ ಎಂಬ ಅರ್ಥವೂ ಸೇರಿಕೊಂಡಿತು. ಔಷಧಿಯ ಅಡ್ಡ ಪರಿಣಾಮ ನಿಘಂಟಿಗೆ ಹೋಯಿತು, ವೈದ್ಯರ ಲೆಕ್ಕಕ್ಕೆ ಮಾತ್ರ ಬರಲಿಲ್ಲ. ಅವರ ಲೆಕ್ಕದಲ್ಲಿ ಇದ್ದದ್ದು ಎಷ್ಟು ಸಲ ಬಿದ್ದ ಎಂಬುದಷ್ಟೇ.

ಎರಡನೆಯ ಔಷಧಿ ಬಂದದ್ದು 1912ರಲ್ಲಿ ಜರ್ಮನಿಯಿಂದ. ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ತರುಣ ವೈದ್ಯನಿಗೆ ವಾರ್ಡಿನ ರೋಗಿಗಳ ಗದ್ದಲದಿಂದ ರಾತ್ರಿ ನಿದ್ದೆ ಬರುತ್ತಿರಲಿಲ್ಲವಂತೆ. ಅವರನ್ನು ಮಲಗಿಸಲೆಂದು ಆಗಷ್ಟೇ ಬಂದಿದ್ದ ನಿದ್ದೆಯ ಔಷಧಿ ಫಿನೋಬಾರ್ಬಿಟೋನನ್ನು ಕೊಟ್ಟ. ರೋಗಿಗಳು ಮಲಗಿದರು, ಅವರ ಮೂರ್ಛೆಗಳೂ ಕಡಿಮೆಯಾದವು. ನಮ್ಮ ಔಷಧಿ ಅಂಗಡಿಗಳಲ್ಲಿ ‘ಗಾರ್ಡಿನಾಲ್’ ಎಂದು ಪರಿಚಿತವಾದ ಮಾತ್ರೆ ಇದೇ. ಜಗತ್ತಿನಲ್ಲಿ ಅತ್ಯಂತ ಅಗ್ಗವಾಗಿ ಸಿಗುವ ಮೂರ್ಛೆ ಔಷಧಿ ಇಂದಿಗೂ ಇದು. ಅಸಂಖ್ಯ ಬಡವರನ್ನು ಇದು ಬೆಂಕಿಗೆ, ನೀರಿಗೆ ಬೀಳದಂತೆ ಕಾಪಾಡಿದೆ. ಆದರೆ ಇದರ ಹುಟ್ಟೇ ನಿದ್ದೆಯ ಮಾತ್ರೆಯಾಗಿ ಎಂಬುದನ್ನು ಮರೆಯಬಾರದು.

ಈ ಕತೆಗೆ ಇನ್ನೊಂದು ಮುಖವಿದೆ. ಈ ಔಷಧಿಯನ್ನು ಕೊಟ್ಟ ದೇಶವೇ 1933ರಲ್ಲಿ ಒಂದು ಕಾನೂನು ಮಾಡಿ, ವಂಶಪಾರಂಪರ್ಯದ್ದೆಂದು ತಾನು ನಿರ್ಧರಿಸಿದ ಮೂರ್ಛೆ ರೋಗವಿದ್ದವರನ್ನು ಬಲವಂತದ ಸಂತಾನಹರಣಕ್ಕೆ ಗುರಿಪಡಿಸಿತು. ಯಹೂದಿಯಾಗಿದ್ದ ಹಾಪ್ಟ್‌ಮನ್ ಹುದ್ದೆ ಕಳೆದುಕೊಂಡ. 1938ರಲ್ಲಿ ಅವನನ್ನು ಡಖಾವ್ ಶಿಬಿರಕ್ಕೆ ತಳ್ಳಲಾಯಿತು. ಬಿಡುಗಡೆಯಾಗಿ ದೇಶ ಬಿಟ್ಟ ಅವನು 1948ರಲ್ಲಿ ಅಮೆರಿಕದಲ್ಲಿ ತೀರಿಕೊಂಡ. ಮನುಷ್ಯನನ್ನು ಅವನ ‘ಉಪಯೋಗ’ದಿಂದ ಅಳೆಯುವ ಪ್ರಭುತ್ವ ರೋಗಿಯನ್ನೂ ಉಳಿಸುವುದಿಲ್ಲ, ವೈದ್ಯನನ್ನೂ ಉಳಿಸುವುದಿಲ್ಲ.

ಅದೇ 1938ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಟ್ರೇಸಿ ಪುಟ್ನಮ್ ಮತ್ತು ಹ್ಯೂಸ್ಟನ್ ಮೆರಿಟ್ ಫಿನೈಟೊಯಿನ್ ಔಷಧಿಯ ಫಲಿತಾಂಶವನ್ನು ಪ್ರಕಟಿಸಿದರು. ಈ ರಾಸಾಯನಿಕ 1908ರಲ್ಲೇ ತಯಾರಾಗಿತ್ತು. ನಿದ್ದೆ ತರಿಸುವುದಿಲ್ಲವಾದ್ದರಿಂದ ಉಪಯೋಗವಿಲ್ಲವೆಂದು ಅದನ್ನು ಬದಿಗಿಡಲಾಗಿತ್ತು. ಮೂರ್ಛೆಯನ್ನು ತಡೆಯಬೇಕಾದರೆ ಮಿದುಳನ್ನು ಮಂಕಾಗಿಸಲೇಬೇಕು ಎಂಬುದು ಅಂದಿನವರೆಗಿನ ನಂಬಿಕೆ. ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿದ ಇವರಿಬ್ಬರು ಆ ನಂಬಿಕೆಯನ್ನು ಮುರಿದರು. ಎಚ್ಚರವಾಗಿದ್ದುಕೊಂಡೇ ಮೂರ್ಛೆಯಿಂದ ಪಾರಾಗಬಹುದು ಎಂಬುದು ರೋಗಿಗಳ ಮಟ್ಟಿಗೆ ಎಂಥ ಸುದ್ದಿಯಾಗಿರಬೇಕು! ಹಾಗೆಂದು ಈ ಔಷಧಿಗೂ ಅಡ್ಡ ಪರಿಣಾಮಗಳಿಲ್ಲದೆ ಇಲ್ಲ. ಪ್ರಮಾಣ ಹೆಚ್ಚಾದರೆ ನಡಿಗೆ ತೂರಾಡುತ್ತದೆ, ಮಂಪರು ಕವಿಯುತ್ತದೆ. ನಂತರ ಬಂದ ಕಾರ್ಬಮಜೆಪಿನ್, ವಾಲ್‌ಪ್ರೊಯೇಟ್, ಇತ್ತೀಚಿನ ಲೆವಿಟಿರಾಸಿಟಮ್‌ಗಳೂ ಕೆಲವರಲ್ಲಿ ದಣಿವು ತರುತ್ತವೆ.

ದಣಿವಿಗೆ ಮಾತ್ರೆಯೊಂದೇ ಕಾರಣವಲ್ಲ. ಮೂರ್ಛೆಯ ಹೊತ್ತಿನಲ್ಲಿ ಮೈಯ ಸ್ನಾಯುಗಳೆಲ್ಲ ಸೆಟೆದು ದುಡಿದಿರುತ್ತವೆ. ಮಿದುಳು ತನ್ನ ಸ್ಥಿತಿಗೆ ಮರಳಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ರಷ್ಯದ ಕಾದಂಬರಿಕಾರ ದಾಸ್ತೋಯೆವ್‌ಸ್ಕಿ ತನಗೆ ಬಂದ ಮೂರ್ಛೆಗಳನ್ನು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಡುತ್ತಿದ್ದ. ನಂತರದ ದಿನಗಳ ಖಿನ್ನತೆ, ಮರೆವುಗಳೂ ಅವನ ಬರಹದಲ್ಲಿವೆ. ‘ಈಡಿಯಟ್’ ಕಾದಂಬರಿಯ ನಾಯಕನಿಗೂ ಅವನು ಇದೇ ರೋಗವನ್ನು ಕೊಟ್ಟ. ಇಂಗ್ಲಿಷ್ ಕವಿ, ಚಿತ್ರಕಾರ ಎಡ್ವರ್ಡ್ ಲಿಯರ್ ತನ್ನ ದಿನಚರಿಯಲ್ಲಿ ಪ್ರತಿ ಮೂರ್ಛೆಗೂ ಒಂದು ಗುರುತು ಹಾಕಿಡುತ್ತಿದ್ದ. ಆದರೆ ಬದುಕಿಡೀ ಅದನ್ನು ಸ್ನೇಹಿತರಿಂದ ಮುಚ್ಚಿಟ್ಟ. ಮುಚ್ಚಿಡುವುದು ಕೂಡ ದುಡಿಮೆಯೇ. ಈಗ ಬಂದೀತು, ಇಲ್ಲಿ ಬಂದೀತು, ಯಾರಾದರೂ ನೋಡಿಯಾರು ಎಂದು ಸದಾ ಕಾವಲು ಕಾಯುವ ಮನಸ್ಸು ದಣಿಯದೆ ಇರುತ್ತದೆಯೇ? ರಾತ್ರಿ ಮೂರ್ಛೆ ಬರುವವರ ನಿದ್ದೆ ಅವರಿಗೇ ಅರಿವಾಗದಂತೆ ಮುರಿದಿರುತ್ತದೆ. ನಿದ್ದೆ ಕೆಟ್ಟರೆ ಮತ್ತೆ ಮೂರ್ಛೆ ಬರುವ ಸಂಭವ ಹೆಚ್ಚು. ದಣಿವು, ನಿದ್ದೆ, ಖಿನ್ನತೆ, ಮೂರ್ಛೆ ಇವು ಒಂದನ್ನೊಂದು ಎಳೆದುಕೊಂಡು ಸುತ್ತುವ ಗಾಣ.

ಈ ಗಾಣದ ಲೆಕ್ಕ ಇಡಲು ವೈದ್ಯಶಾಸ್ತ್ರ ತೊಡಗಿದ್ದು ತೀರಾ ಈಚೆಗೆ. 1989ರಲ್ಲಿ ದಣಿವನ್ನು ಅಳೆಯುವ ಒಂಬತ್ತು ಹೇಳಿಕೆಗಳ ಪಟ್ಟಿಯೊಂದು ಬಂತು. ಅದು ತಯಾರಾದದ್ದು ಬೇರೆ ರೋಗಗಳಿಗಾಗಿ, ನಂತರ ಮೂರ್ಛೆ ರೋಗದವರಿಗೂ ಬಳಕೆಯಾಯಿತು. 1990ರ ದಶಕದಲ್ಲಿ ಅಮೆರಿಕದಲ್ಲಿ ಮೂರ್ಛೆ ರೋಗಿಗಳ ಜೀವನದ ಗುಣಮಟ್ಟಕ್ಕೆಂದೇ ಪ್ರಶ್ನಾವಳಿಗಳು ಸಿದ್ಧವಾದವು. ಹೆಚ್ಚು ಬಳಕೆಯಲ್ಲಿರುವ 31 ಪ್ರಶ್ನೆಗಳ ಪಟ್ಟಿಯಲ್ಲಿ ಮೂರ್ಛೆಯ ಆತಂಕ, ಮನಸ್ಸಿನ ಸ್ಥಿತಿ, ನೆನಪು ಮತ್ತು ಯೋಚನೆ, ಔಷಧಿಯ ಪರಿಣಾಮ, ಸಾಮಾಜಿಕ ಬದುಕು ಇವುಗಳ ಜೊತೆಗೆ ‘ಚೈತನ್ಯ ಮತ್ತು ದಣಿವು’ ಎಂಬುದಕ್ಕೂ ಸ್ವತಂತ್ರ ಸ್ಥಾನವಿದೆ. 1997ರಲ್ಲಿ ಪ್ರಕಟವಾದ, ಯೂರೋಪಿನ 15 ದೇಶಗಳ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಸಮೀಕ್ಷೆಯೊಂದರಲ್ಲಿ ಔಷಧಿಯ ತೊಂದರೆಗಳಲ್ಲಿ ದಣಿವೇ ಮುಂದಿತ್ತು. ಔಷಧಿಗೆ ಬಗ್ಗದ ಮೂರ್ಛೆ ಇರುವವರಲ್ಲಿ ಜೀವನದ ಗುಣಮಟ್ಟವನ್ನು ನಿರ್ಧರಿಸುವುದು ಮೂರ್ಛೆಗಳ ಸಂಖ್ಯೆಗಿಂತ ಖಿನ್ನತೆ ಎಂದು 2004ರ ಅಧ್ಯಯನವೊಂದು ತೋರಿಸಿತು. ಹದೀಸಿನ ಆ ಮಹಿಳೆ ಹೇಳಿದ್ದೂ ಬೇರೆಯೇನಲ್ಲ. ರೋಗಿಯನ್ನು ಕೇಳಿ, ಯಾವುದು ನೋಯುತ್ತಿದೆ ಎಂದು ಅವರೇ ಹೇಳುತ್ತಾರೆ.

ನಮ್ಮ ಕರ್ನಾಟಕಕ್ಕೆ ಈ ಚರಿತ್ರೆಯಲ್ಲಿ ಒಂದು ವಿಶಿಷ್ಟ ಜಾಗವಿದೆ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆಯನ್ನು 1945ರಲ್ಲಿ ನ್ಯೂಜಿಲೆಂಡಿನ ವೈದ್ಯರೊಬ್ಬರು ವರದಿ ಮಾಡಿದ್ದರು. ಆದರೆ ಅದು ಇಲ್ಲಿ ಎಷ್ಟು ಸಾಮಾನ್ಯ ಎಂಬುದನ್ನು ಜಗತ್ತಿಗೆ ತಿಳಿಸಿದವರು ಬೆಂಗಳೂರಿನ ನರರೋಗ ತಜ್ಞರು. 1968ರಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇದರ ಬಗ್ಗೆ ಬರೆದರು. ನಂತರ ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್ಚಂದ್ರ ಮೊದಲಾದವರು ಇದನ್ನು ವಿವರವಾಗಿ ಅಭ್ಯಸಿಸಿದರು. ಹಂಡೆಯ ಬಿಸಿನೀರನ್ನು ಚೊಂಬಿನಿಂದ ನೆತ್ತಿಗೆ ಬಡಬಡನೆ ಹುಯ್ಯುವ ನಮ್ಮ ಸ್ನಾನದ ಪದ್ಧತಿಗೂ ಇದಕ್ಕೂ ಸಂಬಂಧವಿದೆ. ಯುಗಾದಿಯ ಎಣ್ಣೆಸ್ನಾನ, ಈದ್ ಬೆಳಗಿನ ಸ್ನಾನ ಎಲ್ಲರಿಗೂ ಸುಖ, ಇಂಥವರಿಗೆ ಮಾತ್ರ ಭಯ. ನೀರಿನ ಬಿಸಿ ತಗ್ಗಿಸುವುದು, ಒದ್ದೆ ಬಟ್ಟೆಯಿಂದ ತಲೆ ಒರೆಸಿಕೊಳ್ಳುವುದು, ಬೇಕಾದವರು ವೈದ್ಯರ ಸಲಹೆಯಂತೆ ಸ್ನಾನಕ್ಕೆ ಮೊದಲು ಒಂದು ಮಾತ್ರೆ ತೆಗೆದುಕೊಳ್ಳುವುದು, ಇಷ್ಟರಿಂದಲೇ ಅನೇಕರ ತೊಂದರೆ ತಪ್ಪುತ್ತದೆ.

ಅದೇ ಮಣಿಯವರ ತಂಡ 1990ರ ದಶಕದಲ್ಲಿ ಈಗಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಸುಮಾರು 65 ಸಾವಿರ ಜನರ ನಡುವೆ ಕೆಲಸ ಮಾಡಿತು. ದೊಡ್ಡ ಯಂತ್ರಗಳಿಲ್ಲದೆ, ಫಿನೋಬಾರ್ಬಿಟೋನ್ ಅಥವಾ ಫಿನೈಟೊಯಿನ್ ಎಂಬ ಎರಡು ಅಗ್ಗದ ಔಷಧಿಗಳಿಂದಲೇ ಹಳ್ಳಿಯಲ್ಲಿ ಮೂರ್ಛೆಯನ್ನು ಹಿಡಿತಕ್ಕೆ ತರಬಹುದು ಎಂದು ತೋರಿಸಿತು. ಇದು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾತ್ರೆಯನ್ನು ತಪ್ಪದೆ ನುಂಗುವುದು ಎಷ್ಟು ಮುಖ್ಯ ಎಂಬುದೂ ಅಲ್ಲಿ ಕಂಡ ಸತ್ಯ. ಯೋಚಿಸಿ ನೋಡಿ. ಕೂಲಿಗೆ ಹೋಗಬೇಕಾದವರು ತೂಕಡಿಕೆ ತಾಳಲಾರದೆ ತಾವಾಗಿಯೇ ಮಾತ್ರೆ ನಿಲ್ಲಿಸಿಬಿಡುವುದುಂಟು. ಹಾಗೆ ಥಟ್ಟನೆ ನಿಲ್ಲಿಸಿದರೆ ಮೂರ್ಛೆ ಮೇಲಿಂದ ಮೇಲೆ ಬಂದು ಜೀವಕ್ಕೇ ಅಪಾಯವಾಗಬಹುದು. ಸುಸ್ತಿನ ಬಗ್ಗೆ ವೈದ್ಯರ ಬಳಿ ಬಾಯಿಬಿಟ್ಟು ಹೇಳಿದರೆ ಪ್ರಮಾಣವನ್ನು, ಹೊತ್ತನ್ನು ಅಥವಾ ಔಷಧಿಯನ್ನೇ ಬದಲಿಸಲು ಸಾಧ್ಯವಿದೆ. ರಮಝಾನಿನಲ್ಲಿ ಸಹರಿಗೆಂದು ನಿದ್ದೆಗೆಟ್ಟು, ಮಾತ್ರೆಯ ಹೊತ್ತು ತಪ್ಪಿಸಿಕೊಳ್ಳುವವರೂ ಮೊದಲು ವೈದ್ಯರನ್ನು ಕೇಳಬೇಕು. ರೋಗಿಗೆ ಉಪವಾಸದಿಂದ ವಿನಾಯಿತಿಯನ್ನು ಕುರ್‌ಆನೇ ಕೊಟ್ಟಿದೆ.

ಕಾನೂನಿನ ಕತೆಯನ್ನೂ ಹೇಳಬೇಕು. 1976ರಲ್ಲಿ ನಮ್ಮ ಸಂಸತ್ತು ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಿಗೆ ತಿದ್ದುಪಡಿ ತಂದು, ಪದೇ ಪದೇ ಹುಚ್ಚು ಅಥವಾ ಮೂರ್ಛೆ ಬರುವವರು ಮದುವೆಗೆ ಅರ್ಹರಲ್ಲ ಎಂದಿತು. ‘ಮೂರ್ಛೆ’ ಎಂಬ ಪದವನ್ನು ಅಲ್ಲಿಂದ ಕಿತ್ತುಹಾಕಲು 1999ರವರೆಗೆ ಕಾಯಬೇಕಾಯಿತು. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯಲ್ಲಿ ಈ ರೋಗದ ಹೆಸರೇ ಇಲ್ಲ. ಹಾಗೆಂದು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಅದರಿಂದ ಏನು ಲಾಭವಾಯಿತು? ಕಾನೂನು ಹೇಳದಿದ್ದುದನ್ನು ಮೊಹಲ್ಲಾ ಹೇಳಿತು. ಛೋಟಿ ಖಾಲಾರನ್ನು ನೋಡಲು ಬಂದವರು ಎರಡು ಸಲ ಹಿಂತಿರುಗಿ ಹೋದರು. ಮೂರನೆಯ ಸಲ ವಿಷಯ ಮುಚ್ಚಿಟ್ಟು ಮದುವೆ ಮಾಡಲಾಯಿತು. ಗಂಡನ ಮನೆಯವರಿಗೆ ಕಾಣಬಾರದೆಂದು ಖಾಲಾ ಮಾತ್ರೆಗಳನ್ನು ಬಿಟ್ಟರು. ಎಂಟು ತಿಂಗಳಲ್ಲಿ ತವರಿಗೆ ಮರಳಿದರು.

ಮುಂದೆ ಬಂದ ವೈದ್ಯರೊಬ್ಬರು ಅವರಿಗೆ ಮತ್ತೆ ಮಾತ್ರೆ ಆರಂಭಿಸಿದರು. ಮೂರ್ಛೆಗಳು ನಿಂತವು. ಖಾಲಾ ಗುಣವಾದರೆಂದು ಎಲ್ಲರೂ ಸಂತೋಷಪಟ್ಟೆವು. ತಿಂಗಳಿಗೊಮ್ಮೆ ಚೀಟಿ ಹಿಡಿದು ಔಷಧಿ ತರುತ್ತಿದ್ದವನು ನಾನೇ. ಪ್ರತಿ ಸಲವೂ ‘ಮತ್ತೆ ಬಂತಾ?’ ಎಂದು ಕೇಳುತ್ತಿದ್ದರು, ‘ಇಲ್ಲ’ ಎನ್ನುತ್ತಿದ್ದೆ, ಅದೇ ಮಾತ್ರೆ ಕೊಡುತ್ತಿದ್ದರು. ಹಗಲೆಲ್ಲ ಕಣ್ಣೆಳೆಯುತ್ತಿದ್ದ ಖಾಲಾ ಹೊಲಿಗೆ ಯಂತ್ರದ ಮುಂದೆಯೇ ತಲೆ ಇಟ್ಟು ಮಲಗುತ್ತಿದ್ದುದನ್ನು ನಾನು ಹೇಳಲಿಲ್ಲ. ಅದು ರೋಗದ ಭಾಗವೆಂದು ನನಗೂ ತೋಚಿರಲಿಲ್ಲ. ಖಾಲಾ ಸೋಮಾರಿ ಎಂದು ನಾನೂ ನಂಬಿದ್ದೆ. ಅವರು ತೀರಿಕೊಂಡು ವರ್ಷಗಳಾದ ಮೇಲೆ ಇದನ್ನೆಲ್ಲ ಓದುತ್ತಿರುವ ನನ್ನ ಪಾಲಿಗೆ ಆ ನಂಬಿಕೆಯೇ ಒಂದು ತೀರದ ಬಾಕಿ. ಆ ಮನೆಯಲ್ಲಿ ಸುಸ್ತಿದಾರರು ಖಾಲಾ ಆಗಿರಲಿಲ್ಲ.

ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ ನೂರಕ್ಕೆ 70ರಷ್ಟು ಜನ ಮೂರ್ಛೆಯಿಲ್ಲದೆ ಬದುಕಬಹುದು. ಅವರಲ್ಲಿ ಯಾರಾದರೂ ನಿಮ್ಮೆದುರು ಬಿದ್ದರೆ ಬೀಗದ ಕೈ, ಚಪ್ಪಲಿ ಹುಡುಕಬೇಡಿ. ಬಾಯಿಗೆ ಏನನ್ನೂ ತುರುಕಬೇಡಿ. ತಲೆಗೆ ಪೆಟ್ಟಾಗದಂತೆ ಮೆತ್ತನೆಯದೇನಾದರೂ ಕೊಟ್ಟು, ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೈಮೇಲಿನ ಬಟ್ಟೆ ಸರಿಪಡಿಸಿ, ನೆರೆದ ಜನರನ್ನು ದೂರ ಕಳಿಸಿ. ಎಚ್ಚರವಾದ ಮೇಲೆ ಮಲಗಲು ಬಿಡಿ. ಮರುದಿನ ಹೋಗಿ ಒಂದು ಮಾತು ಕೇಳಿ: ‘ಸುಸ್ತು ಕಡಿಮೆಯಾಯಿತಾ?’